ಹೊಂದಿಕೊಂಡು ಹೋಗು ಎನ್ನುತ್ತೇವೆ, ಎಲ್ಲಿಗೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಗಾದೆ ಸುಳ್ಳೇನೂ ಅಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ತಂಗಿಯ ಮದುವೆಗೆ ಎರಡು ದಿನ ಮೊದಲೇ ಕಳಿಸಲಿಲ್ಲ, ಮಗನ ಫೀಸು ಕಟ್ಟಲು ಮರೆತರು ಎಂಬಂತಹ ಜಗಳಗಳು ಬಂದಷ್ಟೇ ಬೇಗ ಹೋಗುತ್ತವೆ. ಅವಿಲ್ಲದ ಮನೆ ಯಾವುದಿದೆ? ಆದರೆ ನಾವು ಈ ಗಾದೆಯನ್ನು ಬಳಸಬಾರದ ಕಡೆಯಲ್ಲೂ ಬಳಸುತ್ತಿದ್ದೇವೆ. ಮುಖದ ಮೇಲೆ ಬೆರಳುಗಳ ಗುರುತು ಹೊತ್ತು ಬಂದವಳಿಗೂ ಅದನ್ನೇ ಹೇಳುತ್ತೇವೆ. ಮಧ್ಯರಾತ್ರಿ ಮಕ್ಕಳ ಸಮೇತ ಹೊರದಬ್ಬಿಸಿಕೊಂಡವಳಿಗೂ ಅದನ್ನೇ ಹೇಳುತ್ತೇವೆ. ಉಂಡು ಮಲಗಿದ ಮೇಲೆಯೇ ಹೊಡೆತ ಆರಂಭವಾಗುವ ಮನೆಗಳ ಕುರಿತು ಆ ಗಾದೆಗೆ ಏನೂ ಗೊತ್ತಿಲ್ಲ.

ಅಂತಹ ಮನೆಗಳು ಎಲ್ಲೋ ಅಪರೂಪಕ್ಕೆ ಒಂದೆರಡು ಎಂದು ನೀವು ಭಾವಿಸಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ಇಡೀ ದೇಶದ ಅಂಕಿ ಶೇ. 29.3. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ. 20.6 ಇತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಬಾಯಿಬಿಟ್ಟು ಹೇಳುವವರು ಇಮ್ಮಡಿಯಾದರೋ, ಎರಡರಲ್ಲಿ ಯಾವುದು ನಿಜವಾದರೂ ಅದು ಸಮಾಧಾನದ ಸಂಗತಿಯಲ್ಲ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಯಾರಲ್ಲಾದರೂ ಸಹಾಯ ಕೇಳಿದವರು ಕೇವಲ ಶೇ. 14 ಮಂದಿ. ಉಳಿದವರು ಯಾಕೆ ಕೇಳಲಿಲ್ಲ?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಒಂದು ತೋಟದ ಮನೆಗೂ ಇನ್ನೊಂದಕ್ಕೂ ಕೂಗಿದರೆ ಕೇಳದಷ್ಟು ದೂರ. ಪೇಟೆಯ ಮೊಹಲ್ಲಾಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿದೆ, ಎಲ್ಲರಿಗೂ ಕೇಳಿಸುತ್ತದೆ, ಆದರೆ ಕೇಳಿಸದಂತೆ ಇರುವುದೇ ಸಭ್ಯತೆ ಎಂದು ತಿಳಿದಿದ್ದೇವೆ. ಶಿಕ್ಷಕರಾದ ನಮಗೆ ಮಾತ್ರ ಬಹಳ ಸಲ ವಿಷಯ ಮೊದಲೇ ತಿಳಿದುಬಿಡುತ್ತದೆ. ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುವ ಹುಡುಗಿ, ಪುಸ್ತಕದ ಚೀಲ ಅಜ್ಜಿ ಮನೆಯಲ್ಲಿ ಉಳಿಯಿತು ಎನ್ನುವ ಹುಡುಗ, ಹಾಜರಿ ಪುಸ್ತಕದಲ್ಲಿ ಹತ್ತು ಹನ್ನೆರಡು ದಿನ ಒಟ್ಟೊಟ್ಟಿಗೆ ಗೈರು. ಇಂತಹ ಮಕ್ಕಳ ತಾಯಂದಿರೊಡನೆ ಮಾತಾಡುವ ಸಂದರ್ಭ ಬಂದಾಗ ಅವರ ಕಥೆಗಳೆಲ್ಲ ಒಂದೇ ದಾರಿಯಲ್ಲಿ ಸಾಗುತ್ತವೆ.

ಅವರಲ್ಲೊಬ್ಬರ ಮಾತು ಇಂದಿಗೂ ಕಿವಿಯಲ್ಲಿದೆ. ಮೂರು ಮಕ್ಕಳ ತಾಯಿ. ಮೂರು ಸಲ ಮನೆ ಬಿಟ್ಟು ಬಂದವರು, ಮೂರು ಸಲವೂ ಹಿರಿಯರ ಸಮ್ಮುಖದಲ್ಲಿ ರಾಜಿಯಾಗಿ ಮರಳಿದವರು. ತವರಿನಲ್ಲಿ ಅಣ್ಣಂದಿರ ಸಂಸಾರ, ಎರಡು ಕೋಣೆ, ಹನ್ನೊಂದನೆಯ ದಿನಕ್ಕೆ ಅತ್ತಿಗೆಯ ಮುಖ ಬದಲಾಯಿತು. ಠಾಣೆಗೆ ಹೋದರೆ ಬೆಳಿಗ್ಗೆ ಬನ್ನಿ ಎಂದರು. "ಎಲ್ಲರೂ ಹೊಂದಿಕೊಂಡು ಹೋಗು ಅಂದರು. ಎಲ್ಲಿಗೆ ಹೋಗು ಅಂತ ಮಾತ್ರ ಯಾರೂ ಹೇಳಲಿಲ್ಲ" ಎಂದರು ಆ ತಾಯಿ.

ಇದೇ ನಿಜವಾದ ಪ್ರಶ್ನೆ. 'ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಾರದೇ' ಎಂದು ಕೇಳುವವರು ಮೊದಲು ಅವಳು ಬರಬೇಕಾದ ಬಾಗಿಲನ್ನು ತೋರಿಸಬೇಕು.

ಕಾನೂನಿನಲ್ಲಿ ಬಾಗಿಲಿದೆಯೇ? ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಇದು ಯಾವುದೇ ಒಂದು ಸಮುದಾಯದ ಕಾನೂನಲ್ಲ. ಎಲ್ಲ ಧರ್ಮದ ಸ್ತ್ರೀಯರಿಗೂ ಅನ್ವಯಿಸುತ್ತದೆ. ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದು, ಅವಳ ಒಡವೆ ಕಸಿದುಕೊಳ್ಳುವುದು ಕೂಡ ಇದರಲ್ಲಿ ದೌರ್ಜನ್ಯವೇ. ಪೀಡಿತಳೇ ಹೋಗಬೇಕೆಂದಿಲ್ಲ. ನೆರೆಯವರು, ಶಿಕ್ಷಕರು, ಯಾರಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಓ ಅವರಿಗೆ, ಈ ರಕ್ಷಣಾಧಿಕಾರಿಯ ಹೊಣೆಯನ್ನೂ ವಹಿಸಲಾಯಿತು. ನೂರಾರು ಅಂಗನವಾಡಿಗಳ ಆಹಾರದ ಲೆಕ್ಕ, ಕಟ್ಟಡದ ಲೆಕ್ಕ, ಅದರ ಜೊತೆಗೆ ಇದೂ ಒಂದು. ರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವುದರಲ್ಲಿ ದೇಶದಾದ್ಯಂತ ಎಷ್ಟು ಉದಾಸೀನವಿತ್ತೆಂದರೆ, ಕಾಯ್ದೆ ಬಂದು ಸುಮಾರು ಎರಡು ದಶಕಗಳ ಬಳಿಕ, 2025ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ಜಿಲ್ಲಾ ಮತ್ತು ತಾಲೂಕು ಮಟ್ಟದಲ್ಲಿ ಆರು ವಾರದೊಳಗೆ ಇವರನ್ನು ಗುರುತಿಸಿ ಎಂದು ರಾಜ್ಯಗಳಿಗೆ ಆದೇಶಿಸಬೇಕಾಯಿತು.

ಇನ್ನೊಂದು ಮುಖ್ಯ ವಿಷಯವನ್ನು ಸಹೋದರಿಯರು ನೆನಪಿಡಬೇಕು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಈ ಕಾಯ್ದೆ ಕೊಡುತ್ತದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೆ ಸೊಸೆಗೆ ಆ ಹಕ್ಕಿಲ್ಲ ಎಂಬ ವ್ಯಾಖ್ಯಾನ 2006ರ ಒಂದು ತೀರ್ಪಿನಿಂದ ಬಂದಿತ್ತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಸರಿಪಡಿಸಿತು. ಗಂಡನ ಸಂಬಂಧಿಕರ ಹೆಸರಿನಲ್ಲಿದ್ದರೂ ಅವಳು ಸಂಸಾರ ಹೂಡಿ ಬಾಳಿದ ಮನೆ 'ಹಂಚಿಕೊಂಡ ಮನೆ'ಯಾಗಬಹುದು ಎಂದಿತು. ನ್ಯಾಯಾಲಯ ಬಯಸಿದರೆ ಹೊಡೆಯುವವನನ್ನೇ ಹೊರಗಿರಿಸಬಹುದು. ರಕ್ಷಣಾ ಆದೇಶವನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ ಅರವತ್ತು ದಿನದೊಳಗೆ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಅದು ಅಕ್ಷರಶಃ ಹಾಗೆಯೇ ನಡೆಯುತ್ತದೆಂದು ಇಟ್ಟುಕೊಂಡರೂ, ಆ ಮೊದಲ ಮೂರು ರಾತ್ರಿ ಅವಳು ಎಲ್ಲಿರಬೇಕು? ಆ ಅರವತ್ತು ದಿನ?

ಕಾಯ್ದೆಯ 6ನೇ ಕಲಮಿನಲ್ಲಿ ಉತ್ತರವಿದೆ. ಪೀಡಿತ ಮಹಿಳೆ ಅಥವಾ ಅವಳ ಪರವಾಗಿ ರಕ್ಷಣಾಧಿಕಾರಿ ಕೇಳಿಕೊಂಡರೆ ಆಶ್ರಯಗೃಹದವರು ಆಶ್ರಯ ಕೊಡಲೇಬೇಕು. ಆದರೆ ಗೃಹವಿದ್ದರೆ ತಾನೇ ಕೊಡುವುದು? ನಮ್ಮ ರಾಜ್ಯ ಸರಕಾರ 2000-01ರಲ್ಲಿ 'ಸಾಂತ್ವನ' ಯೋಜನೆಯನ್ನು ಆರಂಭಿಸಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಆಪ್ತಸಮಾಲೋಚನೆ, ಸಹಾಯವಾಣಿ, ತಾತ್ಕಾಲಿಕ ನೆರವು ಕೊಡುವ ಕೇಂದ್ರಗಳನ್ನು ತಾಲೂಕುಗಳವರೆಗೂ ತಂದಿತು. 2015ರ ಏಪ್ರಿಲ್‌ನಿಂದ ಕೇಂದ್ರದ 'ಸಖಿ' ಕೇಂದ್ರಗಳು ಜಿಲ್ಲೆಗೊಂದರ ಲೆಕ್ಕದಲ್ಲಿ ಬಂದವು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಸಮಾಲೋಚಕಿ ಎಲ್ಲವೂ ಒಂದೇ ಸೂರಿನಡಿ. ಸಖಿ ಬಂದ ಮೇಲೆ ಸಾಂತ್ವನ ಕೇಂದ್ರಗಳಲ್ಲಿ ಕೆಲವನ್ನು ಮುಚ್ಚುವ ತೀರ್ಮಾನವೂ ಆಯಿತು. ನಿಮ್ಮ ತಾಲೂಕಿನದು ತೆರೆದಿದೆಯೇ ಎಂದು ಒಮ್ಮೆ ವಿಚಾರಿಸಿ ನೋಡಿ.

ಸಖಿಯಲ್ಲಿ ತಂಗಲು ಅವಕಾಶ ಐದು ದಿನ. ಅದಕ್ಕಿಂತ ಹೆಚ್ಚು ದಿನ ಬೇಕಾದವರಿಗೆ ಹಿಂದೆ 'ಸ್ವಧಾರ ಗೃಹ' ಎನ್ನುತ್ತಿದ್ದ, 2022ರಿಂದ ಮಿಷನ್ ಶಕ್ತಿಯಡಿ 'ಶಕ್ತಿ ಸದನ' ಎನಿಸಿಕೊಂಡ ವಸತಿಗೃಹಗಳಿವೆ. ಅಲ್ಲಿ ಜಾಗ ಇರಬೇಕು, ಗಂಡು ಮಕ್ಕಳಿಗೆ ವಯಸ್ಸಿನ ಮಿತಿ ಇದೆ. ಹದಿಮೂರು ಹದಿನಾಲ್ಕರ ಮಗನಿರುವ ತಾಯಿ ಮಗನನ್ನು ಎಲ್ಲಿ ಬಿಡಬೇಕು? ಹೊಡೆಯುವ ತಂದೆಯ ಬಳಿಯೇ? ಇದನ್ನು ಯೋಚಿಸಿಯೇ ಎಷ್ಟೋ ತಾಯಂದಿರು ಹೊಸಿಲು ದಾಟುವುದಿಲ್ಲ.

ದೂರದ ಮಾತು ಬೇರೆ. ತಿಪಟೂರಿನಿಂದ ಜಿಲ್ಲಾ ಕೇಂದ್ರ ತುಮಕೂರು ಸುಮಾರು 70 ಕಿಲೋಮೀಟರ್. ಚಿಕ್ಕನಾಯಕನಹಳ್ಳಿಯ ಒಳಹಳ್ಳಿಯಿಂದಾದರೆ ಮೊದಲು ರಸ್ತೆಗೆ ಬರಬೇಕು, ರಾತ್ರಿ ಬಸ್ಸಿರುವುದಿಲ್ಲ. 2023ರ ಜೂನ್‌ನಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ ಎಂಬುದು ದೊಡ್ಡ ಅನುಕೂಲವೇ. ಆದರೆ ಅದಕ್ಕೂ ಗುರುತಿನ ಚೀಟಿ ಬೇಕು, ಮನೆಯಿಂದ ಓಡಿ ಬಂದವಳ ಆಧಾರ್ ಕಾರ್ಡು ಗಂಡನ ಬೀರುವಿನಲ್ಲಿರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯೊಡತಿ ಎಂದು ನಮೂದಾದವಳ ಖಾತೆಗೆ ಹೋಗುತ್ತದೆ. ಅತ್ತೆಯ ಹೆಸರಿದ್ದರೆ ಅತ್ತೆಗೆ. ಹೊರಬಂದ ಸೊಸೆಯ ಕೈಗೆ ಅದೂ ಇಲ್ಲ.

ಓದುಗರೇ, ಈಗ ಹಣದ ವಿಷಯಕ್ಕೆ ಬರೋಣ. ಕರುಣೆಯ ಮಾತು ನಾವು ಬಹಳ ಆಡುತ್ತೇವೆ, ಲೆಕ್ಕದ ಮಾತು ಆಡುವುದಿಲ್ಲ. ಸಖಿ ಕೇಂದ್ರಗಳ ಖರ್ಚು ಪೂರ್ತಿಯಾಗಿ ಕೇಂದ್ರದ್ದು. ದೆಹಲಿಯ ಆ ದಾರುಣ ಘಟನೆಯ ಬಳಿಕ 2013ರಲ್ಲಿ 1,000 ಕೋಟಿ ರೂಪಾಯಿಯೊಂದಿಗೆ ಸ್ಥಾಪನೆಯಾದ ನಿರ್ಭಯಾ ನಿಧಿಯಿಂದ ಅದು ಬರುತ್ತದೆ. ಶಕ್ತಿ ಸದನಕ್ಕೆ ನಮ್ಮಂತಹ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಈ ಲೆಕ್ಕದಲ್ಲಿ ಯಾರ ಹೆಸರಿಲ್ಲ ಗಮನಿಸಿದಿರಾ? ನಮ್ಮ ಪಂಚಾಯಿತಿ, ಪುರಸಭೆ, ನಗರಸಭೆಗಳದ್ದು. ಅವಳ ಮನೆಗೆ ಎಲ್ಲಕ್ಕಿಂತ ಹತ್ತಿರವಿರುವ ಸರಕಾರಕ್ಕೆ ಅವಳ ರಕ್ಷಣೆಯಲ್ಲಿ ಒಂದು ಪೈಸೆಯ ಹೊಣೆಯೂ ಇಲ್ಲ.

ಹಾಗೆಂದು ಅಧಿಕಾರವಿಲ್ಲವೆಂದಲ್ಲ. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳ 29 ವಿಷಯಗಳಿವೆ. 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, 26ನೆಯದು ಸಮಾಜ ಕಲ್ಯಾಣ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ಉಳಿದ ಶೇ. 40ನ್ನು ಸಂಬಳ, ಕಚೇರಿ ವೆಚ್ಚ ಬಿಟ್ಟು ಆ 29 ವಿಷಯಗಳಲ್ಲಿ ಊರಿಗೆ ಬೇಕಾದುದಕ್ಕೆ ಬಳಸಬಹುದೆಂದು ಹೇಳಿತ್ತು. ಗ್ರಾಮ ಪಂಚಾಯಿತಿಯ ಯೋಜನೆಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ಒಂಬತ್ತು ಆಶಯಗಳಲ್ಲಿ ಒಂಬತ್ತನೆಯದೇ 'ಮಹಿಳಾ ಸ್ನೇಹಿ ಗ್ರಾಮ'. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಾಮಾಜಿಕ ನ್ಯಾಯ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು ಎಂದು ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಪಟ್ಟಣದ ಸಂಸ್ಥೆಗಳಲ್ಲಿ ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಎಂದು ಹಣ ಮೀಸಲಿಡುವ ಕ್ರಮವೂ ಇದೆ. ಹೊಡೆತ ತಿಂದು ಬೀದಿಗೆ ಬಿದ್ದವಳಿಗೆಂದು ಪ್ರತ್ಯೇಕ ಸಾಲು ಮಾತ್ರ ಇಲ್ಲ.

ನಮ್ಮ ಕಡೆಯ ಒಂದು ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ, ಸಿಸಿ ರಸ್ತೆಗಳ ಪಟ್ಟಿ ಓದಿ ಮುಗಿದ ಮೇಲೆ ಒಬ್ಬ ಆಶಾ ಕಾರ್ಯಕರ್ತೆ ಎದ್ದು ನಿಂತು, ರಾತ್ರಿ ಗಂಡ ಹೊರಗೆ ಹಾಕಿದರೆ ಹೆಂಗಸರು ಇರಲು ಒಂದು ಕೋಣೆ ಮಾಡಿಕೊಡಿ ಎಂದು ಕೇಳಿದರು. ಸಭೆ ನಕ್ಕಿತು. ಯಾರೋ ಒಬ್ಬರು, ಹಾಗಾದರೆ ಹೆಂಡತಿ ಹೊರಗೆ ಹಾಕಿದರೆ ನಮಗೆಲ್ಲಿ ಕೋಣೆ ಎಂದರು. ಇನ್ನೂ ಜೋರು ನಗು. ನಡವಳಿ ಪುಸ್ತಕದಲ್ಲಿ ಆ ಬೇಡಿಕೆ ದಾಖಲಾಗಲಿಲ್ಲ. ಆ ದಿನ ನಕ್ಕವರಲ್ಲಿ ಹೆಂಗಸರೂ ಇದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಬೇರೆಡೆ ಏನಾಗಿದೆ ನೋಡಿ. ನಮ್ಮ ನೆರೆಯ ಕೇರಳದಲ್ಲಿ 1997-98ರಿಂದ ಸ್ಥಳೀಯ ಸಂಸ್ಥೆಗಳು ತಮ್ಮ ಯೋಜನಾ ಹಣದಲ್ಲಿ ಕನಿಷ್ಠ ಶೇ. 10ನ್ನು ಮಹಿಳಾ ಘಟಕ ಯೋಜನೆಗೆ ತೆಗೆದಿಡಬೇಕು. ಪಂಚಾಯಿತಿಗಳಲ್ಲಿ ದೌರ್ಜನ್ಯದ ದೂರು ಕೇಳಲು 'ಜಾಗ್ರತಾ ಸಮಿತಿ'ಗಳಿವೆ. ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ಕನ್ನಡಿಗರಿಗೆ ಇದು ಹೊಸ ಸುದ್ದಿಯಲ್ಲ. ಆ ಹಣ ಎಲ್ಲೆಡೆ ಸರಿಯಾಗಿಯೇ ಖರ್ಚಾಗುತ್ತದೆಂದು ಅಲ್ಲಿನವರೂ ಹೇಳಲಾರರು. ಆದರೆ 'ಆ ಶೇ. 10 ಎಲ್ಲಿ ಹೋಯಿತು' ಎಂದು ಕೇಳಲು ಅಲ್ಲಿನ ಹೆಂಗಸಿಗೆ ಒಂದು ಆಧಾರವಿದೆ. ಇಂಗ್ಲೆಂಡಿನಲ್ಲಿ ಲಂಡನಿನ ಚಿಸ್ವಿಕ್‌ನಲ್ಲಿ 1971ರಲ್ಲಿ ಎರಿನ್ ಪಿಜ್ಜಿ ಎಂಬ ಮಹಿಳೆ ಇಂತಹವರಿಗಾಗಿ ಒಂದು ಹಳೆಯ ಮನೆಯ ಬಾಗಿಲು ತೆರೆದರು. ಐವತ್ತು ವರ್ಷದ ಬಳಿಕ, 2021ರ ಕಾಯ್ದೆಯ ಮೂಲಕ, ಸುರಕ್ಷಿತ ವಸತಿಯಲ್ಲಿರುವವರಿಗೆ ನೆರವು ಒದಗಿಸುವುದು ಸ್ಥಳೀಯ ಕೌನ್ಸಿಲ್‌ಗಳ ಕಾನೂನುಬದ್ಧ ಕರ್ತವ್ಯವಾಯಿತು. ತಮ್ಮ ಪ್ರದೇಶದಲ್ಲಿ ಎಷ್ಟು ಅಗತ್ಯವಿದೆ ಎಂದು ಅವು ಎಣಿಸಬೇಕು, ಯೋಜನೆ ಬರೆಯಬೇಕು, ವರದಿ ಒಪ್ಪಿಸಬೇಕು. ಮೊದಲ ವರ್ಷಕ್ಕೆ 12.5 ಕೋಟಿ ಪೌಂಡ್ ಕೊಡಲಾಯಿತು. ಅಲ್ಲಿಯೂ ಸಾಲದು ಎಂಬ ದೂರು ಇದ್ದೇ ಇದೆ. ಆದರೆ ಅದು ನಮ್ಮ ಕೆಲಸವಲ್ಲ ಎಂದು ಯಾವ ಕೌನ್ಸಿಲ್ಲೂ ಹೇಳುವಂತಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸೇರಿ ಒಂದು ಉಪವಿಭಾಗ. ಒಂದು ಕಡೆ ನಗರಸಭೆ, ಒಂದು ಕಡೆ ಪಟ್ಟಣ ಪಂಚಾಯಿತಿ, ಒಂದು ಕಡೆ ಪುರಸಭೆ, ಸುತ್ತ ಅದೆಷ್ಟೋ ಗ್ರಾಮ ಪಂಚಾಯಿತಿಗಳು. ಎಲ್ಲರೂ ಸೇರಿ ಒಂದೇ ಒಂದು ಮನೆಯನ್ನು ನಡೆಸಲಾಗದೇ? ನಾಲ್ಕೈದು ಕೋಣೆ, ಒಂದು ಅಡುಗೆಮನೆ, ರಾತ್ರಿ ಇರುವ ಒಬ್ಬ ಮಹಿಳಾ ಮೇಲ್ವಿಚಾರಕಿ, ದೊಡ್ಡ ಗಂಡು ಮಕ್ಕಳಿರುವ ತಾಯಿಗೆ ಪ್ರತ್ಯೇಕ ಕೋಣೆ, ಮಕ್ಕಳನ್ನು ಹತ್ತಿರದ ಶಾಲೆಗೆ ಕಳಿಸುವ ವ್ಯವಸ್ಥೆ. ಕೊಬ್ಬರಿಗೆ ಬೆಲೆ ಬಿದ್ದಾಗ ನಾವು ಪಕ್ಷ, ಜಾತಿ ಮರೆತು ಒಟ್ಟಾಗಿ ಬೀದಿಗಿಳಿಯುತ್ತೇವೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಎಂಬುದು ನಮ್ಮ ಮಕ್ಕಳಿಗೂ ಬಾಯಿಪಾಠ. ಕೇಳಿದ್ದರಿಂದ ಸಿಕ್ಕಿತು. ಇದನ್ನು ನಾವು ಕೇಳಿಯೇ ಇಲ್ಲ.

ನಮ್ಮ ಜಮಾಅತ್‌ನ ಹಿರಿಯರಿಗೂ ಒಂದು ಮಾತು. ಮದುವೆಗೆಂದು ಸರಕಾರದ ಅನುದಾನ ತಂದು, ನಮ್ಮ ಹಣ ಸೇರಿಸಿ ಊರೂರಲ್ಲಿ ಶಾದಿಮಹಲ್ ಕಟ್ಟಿದ್ದೇವೆ. ಒಳ್ಳೆಯ ಕೆಲಸ. ಬಡವರ ಮದುವೆಗೆ ಅದರಿಂದ ಎಷ್ಟೋ ಉಪಕಾರವಾಗಿದೆ. ಆದರೆ ಆ ಮದುವೆ ಮುರಿದು ಬೀಳುವ ರಾತ್ರಿಗೆಂದು ಒಂದು ಕೋಣೆ ಕಟ್ಟಿಲ್ಲ. ಝಕಾತ್ ಸದಕಾ ಹಂಚುವಾಗ ವಿಧವೆಯರ ಪಟ್ಟಿ ಇರುತ್ತದೆ. ಗಂಡ ಬದುಕಿದ್ದೂ ಬೀದಿಪಾಲಾದವಳ ಹೆಸರು ಆ ಪಟ್ಟಿಯಲ್ಲಿ ಸೇರುವುದಿಲ್ಲ.

'ಆಶ್ರಯಗೃಹ ತೆರೆದರೆ ಸಂಸಾರಗಳು ಒಡೆಯುತ್ತವೆ, ಸಣ್ಣ ಮಾತಿಗೂ ಹೆಣ್ಣುಮಕ್ಕಳು ಮನೆ ಬಿಡುತ್ತಾರೆ' ಎಂಬ ಆತಂಕವನ್ನು ಹಲವರು ತೋಡಿಕೊಳ್ಳುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸ್ವಲ್ಪ ಯೋಚಿಸಿ. ತನ್ನ ಒಲೆ, ತನ್ನ ಹಾಸಿಗೆ, ಮಕ್ಕಳ ಶಾಲೆ ಬಿಟ್ಟು ಅಪರಿಚಿತರ ನಡುವೆ ಒಂದು ಮಂಚ, ಒಂದು ಟ್ರಂಕಿನೊಂದಿಗೆ ಬದುಕಲು ಯಾವ ಹೆಣ್ಣು ಸಣ್ಣ ಮಾತಿಗೆ ಬರುತ್ತಾಳೆ? ಎರಡು ಕಡೆಯಿಂದಲೂ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಿ ಸಂಧಾನ ಮಾಡಿಸಬೇಕೆಂದು ನಮ್ಮ ಧರ್ಮ ಕಲಿಸಿದೆ. ಸಂಧಾನವೆಂದರೆ ಇಬ್ಬರಿಗೂ 'ಆಗದು' ಎನ್ನುವ ಸ್ವಾತಂತ್ರ್ಯವಿರಬೇಕು. ಆಗದು ಎಂದರೆ ಮಲಗಲು ಜಾಗವಿಲ್ಲ ಎನ್ನುವವಳು ಹಾಕುವ ಸಹಿ ಒಪ್ಪಿಗೆಯಲ್ಲ. ಆ ಮೂರು ಮಕ್ಕಳ ತಾಯಿ ಮೂರು ಸಲ ಸಹಿ ಹಾಕಿದ್ದು ಹಾಗೆಯೇ. ಅವಳಿಗೆ ಒಂದು ತಿಂಗಳು ನಿರ್ಭಯವಾಗಿ ಇರಲು ಜಾಗವಿದ್ದಿದ್ದರೆ, ಗಂಡನಿಗೂ ಹಿರಿಯರ ಮಾತು ಬುದ್ಧಿವಾದವಾಗಿ ನಾಟುತ್ತಿತ್ತೇನೋ. ಹೇಗಿದ್ದರೂ ಮರಳಿ ಬರುತ್ತಾಳೆ ಎಂದು ತಿಳಿದವನು ತಿದ್ದಿಕೊಳ್ಳುವುದೇಕೆ? ಸಂಸಾರ ಉಳಿಯಬೇಕೆಂದು ಬಯಸುವವರೇ ಆಶ್ರಯಗೃಹವನ್ನು ಮೊದಲು ಕೇಳಬೇಕು.

ನೀವೇನು ಮಾಡಬಹುದು? ಮೊದಲನೆಯದಾಗಿ, 181 ಮಹಿಳಾ ಸಹಾಯವಾಣಿ, 112 ತುರ್ತು ನೆರವು, 15100 ಕಾನೂನು ನೆರವು, ಈ ಮೂರು ಸಂಖ್ಯೆಗಳನ್ನು ಮನೆಯ ಹೆಣ್ಣುಮಕ್ಕಳಿಗೆ ಬಾಯಿಪಾಠ ಮಾಡಿಸಿ. ಮಹಿಳೆಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಎರಡನೆಯದಾಗಿ, ಆಧಾರ್, ಪಡಿತರ ಚೀಟಿ, ನಿಕಾಹ್‌ನಾಮೆ, ಮಕ್ಕಳ ಜನನ ಪತ್ರಗಳ ಪ್ರತಿಯೊಂದನ್ನು ನಂಬಿಕೆಯ ಇನ್ನೊಂದು ಮನೆಯಲ್ಲಿ ಇಡುವುದು ಯಾರಿಗೂ ಕೇಡಲ್ಲ. ಮೂರನೆಯದಾಗಿ, ಮಹಿಳಾ ಗ್ರಾಮಸಭೆಗೆ ಹೋಗಿ, ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಬೇಡಿಕೆಯನ್ನು ಬರೆದು ಕೊಡಿ, ನಡವಳಿಯಲ್ಲಿ ಬರೆಸಿ, ಸ್ವೀಕೃತಿ ಪಡೆಯಿರಿ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಕೇಳಲು ಸದಸ್ಯರೇ ಇಲ್ಲವಾದದ್ದು ನಿಜ. ಆದರೆ ಗ್ರಾಮಸಭೆಗೆ ಮಾತಾಡಲು ಸದಸ್ಯತ್ವ ಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿ ಹದಿನೈದು ವರ್ಷ ಕಳೆದಿದೆ. ಮತ ಕೇಳಲು ಬಾಗಿಲಿಗೆ ಬರುವ ಅಭ್ಯರ್ಥಿ ಗಂಡಾಗಲಿ, ಹೆಣ್ಣಾಗಲಿ, ಚಹಾ ಕೊಟ್ಟು ಕೂರಿಸಿ ಒಂದೇ ಪ್ರಶ್ನೆ ಕೇಳಿ: 'ಈ ಊರಿನ ಹೆಣ್ಣುಮಗಳೊಬ್ಬಳನ್ನು ಇಂದು ರಾತ್ರಿ ಗಂಡ ಹೊರಗೆ ಹಾಕಿದರೆ, ನಾಳೆ ಬೆಳಗಿನವರೆಗೆ ಅವಳು ಎಲ್ಲಿರಬೇಕು? ಅದಕ್ಕೆ ನಿಮ್ಮ ಬಜೆಟ್ಟಿನಲ್ಲಿ ಎಷ್ಟಿದೆ?' ಉತ್ತರ ಬರುವವರೆಗೆ ಚಹಾದ ಲೋಟ ತೆಗೆಯಬೇಡಿ.